ಗುದ್ದಿದ್ದು ಅವರ ಕಾರು, ಹಾನಿ ಕಂಡದ್ದು ತಡವಾಗಿ: ಯಾರ ವಿಮೆಯ ಬಾಗಿಲು ತಟ್ಟಬೇಕು?

ಸಿಗ್ನಲ್‌ನಲ್ಲಿ ನಿಂತಿರುವ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಬಂದು ತಾಗುತ್ತದೆ. ಇಳಿದು ನೋಡಿದರೆ ಬಂಪರ್ ಮೇಲೆ ಎರಡು ಗೀರು, ಅಷ್ಟೆ. ಹಿಂದೆ ನಿಂತವರ ಹಾರ್ನ್ ಗಲಾಟೆ ಶುರುವಾಗಿದೆ. ಗುದ್ದಿದವರು ಕ್ಷಮೆ ಕೇಳಿ ಫೋನ್ ನಂಬರ್ ಕೊಡುತ್ತಾರೆ, ಇಬ್ಬರೂ ಹೊರಡುತ್ತಾರೆ. ಕೆಲವು ದಿನ ಕಳೆದು ಜೋರು ಮಳೆ ಬಂದಾಗ ಸ್ಟೆಪ್ನಿ ಇಡುವ ಗುಂಡಿಯಲ್ಲಿ ನೀರು ನಿಂತಿರುತ್ತದೆ. ಗ್ಯಾರೇಜಿನಲ್ಲಿ ಬಂಪರ್ ಬಿಚ್ಚಿದರೆ ಒಳಗಿನ ಉಕ್ಕಿನ ಪಟ್ಟಿ ಬಾಗಿದೆ, ಹಿಂಬದಿಯ ಪ್ಯಾನೆಲ್ ಒಳಕ್ಕೆ ಹೋಗಿದೆ, ಎಸ್ಟಿಮೇಟ್ ಹತ್ತಾರು ಸಾವಿರ. ಆ ನಂಬರಿಗೆ ಕರೆ ಮಾಡಿದರೆ "ಅವತ್ತು ಏನೂ ಆಗಿರಲಿಲ್ಲವಲ್ಲ ಸರ್" ಎಂಬ ಉತ್ತರ.

ಇಂಥವರೆಲ್ಲ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ತಪ್ಪು ಅವರದು, ಹಾಗಿರುವಾಗ ಅವರ ವಿಮಾ ಕಂಪನಿಯೇ ಏಕೆ ಕೊಡಬಾರದು? ನನ್ನ ಪಾಲಿಸಿಯನ್ನು ಏಕೆ ಮುಟ್ಟಬೇಕು? ಪ್ರಶ್ನೆ ನ್ಯಾಯವಾದದ್ದೇ. ಆದರೆ ನ್ಯಾಯದ ದಾರಿ, ಹಣ ಬೇಗ ಕೈಗೆ ಬರುವ ದಾರಿ, ಕೊನೆಗೆ ಲಾಭ ಉಳಿಸುವ ದಾರಿ, ಈ ಮೂರೂ ನಮ್ಮಲ್ಲಿ ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಅಮೆರಿಕದಲ್ಲಿ ಕೆಲವು ವರ್ಷ ಕಾರು ಓಡಿಸಿ ಬೆಂಗಳೂರಿಗೆ ಮರಳಿದ ಸ್ನೇಹಿತರು ಎದುರಿನವರ ವಿಮಾ ಕಂಪನಿಗೆ ನೇರವಾಗಿ ಫೋನ್ ಮಾಡಿ ಕ್ಲೇಮ್ ನಂಬರ್ ಕೇಳುತ್ತಾರೆ. ಅಲ್ಲಿ ಅದು ದಿನನಿತ್ಯದ ವಿಷಯ. ಇಲ್ಲಿ ಆ ಕಂಪನಿಗೂ ನಿಮಗೂ ಯಾವ ಒಪ್ಪಂದವೂ ಇಲ್ಲ. ಗ್ರಾಹಕ ಸೇವೆಯವರು "ನೀವು ನಮ್ಮ ಪಾಲಿಸಿದಾರರಲ್ಲ" ಎಂದು ವಿನಯದಿಂದಲೇ ಕರೆ ಮುಗಿಸುತ್ತಾರೆ. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಮೂರನೆಯವರ ಆಸ್ತಿಗೆ ಆದ ಹಾನಿಯನ್ನು ಆ ಕಂಪನಿ ಭರಿಸಬೇಕು, ನಿಜ. ಆದರೆ ಅದನ್ನು ಭರಿಸುವಂತೆ ಹೇಳುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ಅಂದರೆ ಎಂಎಸಿಟಿ. ಅಲ್ಲಿಗೆ ಹೋಗದೆ ಎದುರಿನ ಕಂಪನಿಯಿಂದ ಹಣ ಬಂದರೆ ಅದನ್ನು ಅದೃಷ್ಟ ಎಂದೇ ತಿಳಿಯಬೇಕು.

ಯಾವುದನ್ನು ನೋಡಿ ಆರಿಸಬೇಕು

ಒಂದು, ಮೊತ್ತ. 8 ಸಾವಿರದ ರಿಪೇರಿಗೂ 80 ಸಾವಿರದ ರಿಪೇರಿಗೂ ಒಂದೇ ಉತ್ತರ ಇರಲಾರದು. ಎರಡು, ನಿಮ್ಮ ಪಾಲಿಸಿಯಲ್ಲಿ ಏನಿದೆ: ಬರೀ ಥರ್ಡ್ ಪಾರ್ಟಿ ವಿಮೆಯೋ, ಸ್ವಂತ ವಾಹನದ ಹಾನಿಗೂ ರಕ್ಷಣೆ ಇರುವ ಸಮಗ್ರ ಪಾಲಿಸಿಯೋ, ಜೀರೋ ಡಿಪ್ರಿಸಿಯೇಷನ್ (ಬಿಡಿಭಾಗಗಳ ಸವಕಳಿ ಕಡಿಯದಂತೆ ಮಾಡುವ ಆ್ಯಡ್ ಆನ್) ಸೇರಿದೆಯೋ, ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಎಷ್ಟು ಕೂಡಿದೆ. ಮೂರು, ಎದುರಿನ ವಾಹನಕ್ಕೆ ವಿಮೆ ಇದೆಯೇ, ಇದ್ದರೆ ಎಷ್ಟರ ಮಟ್ಟಿಗೆ. ನಾಲ್ಕು, ನಿಮಗೆ ಎಷ್ಟು ಸಮಯವಿದೆ, ನ್ಯಾಯಾಲಯಕ್ಕೆ ಅಲೆಯುವ ತಾಳ್ಮೆ ಎಷ್ಟಿದೆ.

ಐದನೆಯದು ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಕೊನೆಗೆ ಯೋಚಿಸುವುದೂ ಅದನ್ನೇ: ಇಂದು ಕಂಡ ಹಾನಿ ಅಂದಿನ ಗುದ್ದಿನಿಂದಲೇ ಆದದ್ದು ಎಂದು ತೋರಿಸಲು ನಿಮ್ಮ ಕೈಯಲ್ಲಿ ಏನಿದೆ? ತಡವಾಗಿ ಕಾಣುವ ಹಾನಿಯಲ್ಲಿ ಜಗಳವೆಲ್ಲ ಈ ಕೊಂಡಿಯ ಮೇಲೆಯೇ ನಡೆಯುತ್ತದೆ. ಹಾಗಾಗಿ ಆಯ್ಕೆಗಳಿಗೆ ಹೋಗುವ ಮುನ್ನ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಾನಿ ಏಕೆ ತಡವಾಗಿ ಕಾಣುತ್ತದೆ

ಇಂದಿನ ಬಂಪರ್‌ಗಳು ಪ್ಲಾಸ್ಟಿಕ್‌ನವು. ಕಡಿಮೆ ವೇಗದ ಗುದ್ದಿಗೆ ಒಳಕ್ಕೆ ಹೋಗಿ ಮತ್ತೆ ಹೊರಕ್ಕೆ ಚಿಮ್ಮುತ್ತವೆ. ಹೊರಗೆ ಬರೀ ಗೀರು ಕಂಡರೂ ಒಳಗೆ ಫೋಮ್ ಒಡೆದಿರಬಹುದು, ಉಕ್ಕಿನ ಪಟ್ಟಿ ಬಾಗಿರಬಹುದು, ಪಾರ್ಕಿಂಗ್ ಸೆನ್ಸರ್‌ನ ಕ್ಲಿಪ್ಪು ಸಡಿಲಗೊಂಡಿರಬಹುದು. ಮುಂಭಾಗಕ್ಕೆ ಪೆಟ್ಟು ಬಿದ್ದರೆ ಮೊದಲು ಏಟು ತಿನ್ನುವುದು ಎಸಿ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ಕಂಡೆನ್ಸರ್‌ನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಗ್ಯಾಸ್ ನಿಧಾನವಾಗಿ ಸೋರಿ, ವಾರಗಳ ನಂತರ ಎಸಿ ತಂಪು ಕೊಡುವುದನ್ನು ನಿಲ್ಲಿಸುತ್ತದೆ. ಚಕ್ರಕ್ಕೆ ಪೆಟ್ಟು ತಗುಲಿದ್ದರೆ ಸ್ಟಿಯರಿಂಗ್ ಒಂದು ಕಡೆಗೆ ಎಳೆಯುವುದು, ಟೈರ್ ಒಂದೇ ಬದಿಗೆ ಸವೆಯುವುದು, ಟೈರ್ ಪಕ್ಕದಲ್ಲಿ ಗುಬುಟು ಏಳುವುದು, ಬೇರಿಂಗ್ ಗುಂಯ್ ಎನ್ನುವುದು, ಇವೆಲ್ಲ ಓಡಿಸುತ್ತಾ ಹೋದಂತೆ ಬರುವ ಲಕ್ಷಣಗಳು. ಲ್ಯಾಂಪಿನ ಸೀಲ್ ಬಿಟ್ಟಿದ್ದರೆ ಮಳೆಗಾಲದವರೆಗೂ ಗೊತ್ತೇ ಆಗುವುದಿಲ್ಲ. ವಿದ್ಯುತ್ ಕಾರಾದರೆ ಕೆಳಗಿನ ಬ್ಯಾಟರಿ ಕವಚವನ್ನು, ಸಿಎನ್‌ಜಿ ಕಾರಾದರೆ ಸಿಲಿಂಡರ್ ಹಿಡಿದಿಡುವ ಬ್ರಾಕೆಟ್‌ಗಳನ್ನು, ಗೀರು ಎಷ್ಟೇ ಚಿಕ್ಕದಿರಲಿ, ಅಂದೇ ತೋರಿಸಬೇಕು.

ಹಾನಿಯನ್ನು ಅಳೆಯಲು ವಿಮಾ ಕಂಪನಿ ನೇಮಿಸುವ ಸರ್ವೇಯರ್ ನೋಡುವುದು ಇದನ್ನೇ, ಆದರೆ ತಿರುವುಮುರುವಾಗಿ. ಮುರಿದ ಲೋಹದ ಅಂಚು ಹೊಳೆಯುತ್ತಿದೆಯೋ ತುಕ್ಕು ಹಿಡಿದಿದೆಯೋ, ಬಿರುಕಿನೊಳಗೆ ಧೂಳು ಕೂತಿದೆಯೋ, ಪೆಟ್ಟಿನ ಎತ್ತರ ಎದುರಿನ ವಾಹನದ ಬಂಪರ್ ಎತ್ತರಕ್ಕೆ ತಾಳೆಯಾಗುತ್ತದೆಯೋ, ನೀವು ಹೇಳುವ ದಿಕ್ಕಿನಿಂದಲೇ ಬಲ ಬಿದ್ದಿದೆಯೋ ಎಂದು ಪರೀಕ್ಷಿಸುತ್ತಾರೆ. ಆದ್ದರಿಂದ ಅನುಮಾನ ಬಂದ ದಿನವೇ ಕಾರನ್ನು ಹಾಯಿಸ್ಟ್ ಮೇಲೆ ಎತ್ತಿಸಿ, ದಿನಾಂಕವಿರುವ ಫೋಟೊ ತೆಗೆಯಿರಿ. ಜಾಬ್ ಕಾರ್ಡ್‌ನಲ್ಲಿ "ಇಂಥ ದಿನ ಹಿಂದಿನಿಂದ ಡಿಕ್ಕಿಯಾದ ನಂತರ ಕಂಡ ದೋಷ" ಎಂದೇ ಬರೆಸಿ. ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಮಾಡುವ ಮುನ್ನ ಇದ್ದ ಅಳತೆಯ ಪ್ರಿಂಟ್ ಕೇಳಿ ಪಡೆಯಿರಿ, ಕಂಪ್ಯೂಟರ್ ಸ್ಕ್ಯಾನ್ ಮಾಡಿದ್ದರೆ ಅದರ ವರದಿಯನ್ನೂ. ಬಿಚ್ಚಿದ ಭಾಗಗಳನ್ನು ಗುಜರಿಗೆ ಕೊಡಲು ಬಿಡಬೇಡಿ. ಘಟನೆ ನಡೆದ ಜಾಗದ ಪಕ್ಕ ಅಂಗಡಿ ಇದ್ದರೆ ಅವರ ಸಿಸಿಟಿವಿಯಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಬರೆದುಹೋಗುವ ಮೊದಲೇ ಹೋಗಿ ಕೇಳಿ.

ಗುದ್ದಿದ ದಿನ ಎದುರಿನ ಚಾಲಕರೊಂದಿಗೆ ನಡೆದ ವಾಟ್ಸ್‌ಆ್ಯಪ್ ಸಂದೇಶ ನಿಮ್ಮ ಬಳಿ ಇದ್ದರೆ ಅದಕ್ಕೆ ಬಹಳ ಬೆಲೆ ಇದೆ. "ನಿಮ್ಮ ಕಾರಿಗೆ ತಾಗಿದ್ದು ನನ್ನಿಂದ, ಕ್ಷಮಿಸಿ" ಎಂಬ ಒಂದು ಸಾಲು ಅರ್ಧ ವಾದವನ್ನು ಮುಗಿಸುತ್ತದೆ.

ಮೊದಲ ಆಯ್ಕೆ: ನಿಮ್ಮದೇ ಪಾಲಿಸಿ

ಸಮಗ್ರ ಪಾಲಿಸಿ ಇದ್ದರೆ ವೇಗದ ದಾರಿ ಇದು. ತಪ್ಪು ಯಾರದು ಎಂದು ಸಾಬೀತು ಮಾಡುವ ಗೋಜಿಲ್ಲ. ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2024ರ ಜೂನ್‌ನಲ್ಲಿ ಹೊರಡಿಸಿದ ಮಾಸ್ಟರ್ ಸುತ್ತೋಲೆಯ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನದಲ್ಲಿ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಬಿಚ್ಚಿದ ಮೇಲೆ ಇನ್ನಷ್ಟು ಹಾನಿ ಸಿಕ್ಕರೆ ವರ್ಕ್‌ಶಾಪ್ ಸಪ್ಲಿಮೆಂಟರಿ ಎಸ್ಟಿಮೇಟ್ ಕಳಿಸುತ್ತದೆ, ಸರ್ವೇಯರ್ ಮತ್ತೆ ನೋಡುತ್ತಾರೆ. ಅಂದರೆ ಒಳಗೆ ಅಡಗಿದ ಹಾನಿಗೆ ಈ ವ್ಯವಸ್ಥೆಯಲ್ಲಿ ಮೊದಲೇ ಜಾಗವಿದೆ. ಒಂದೇ ಷರತ್ತು: ಸರ್ವೇಯರ್ ನೋಡುವ ಮುನ್ನ ರಿಪೇರಿ ಮಾಡಿಸಬಾರದು.

ತಡವಾಗಿ ತಿಳಿಸಿದರೆ? ಪಾಲಿಸಿ "ಕೂಡಲೇ" ಎನ್ನುತ್ತದೆ. ಆದರೆ ಬರೀ ತಡ ಎಂಬ ಕಾರಣಕ್ಕೆ ನೈಜ ಕ್ಲೇಮುಗಳನ್ನು ಯಾಂತ್ರಿಕವಾಗಿ ತಿರಸ್ಕರಿಸಬಾರದು ಎಂದು ಐಆರ್‌ಡಿಎಐ 2011ರ ಸೆಪ್ಟೆಂಬರ್‌ನಲ್ಲೇ ಕಂಪನಿಗಳಿಗೆ ಬರೆದಿದೆ. ಹಾನಿ ಯಾವಾಗ ಕಂಡಿತು, ಅದುವರೆಗೆ ಏಕೆ ಕಾಣಲಿಲ್ಲ ಎಂಬುದನ್ನು ಅರ್ಧ ಪುಟದಲ್ಲಿ ಬರೆದು, ಗ್ಯಾರೇಜಿನವರ ಟಿಪ್ಪಣಿ ಸೇರಿಸಿ ಕೊಡಿ. ಇಲ್ಲಿ ಕೆಲವು ಗ್ಯಾರೇಜುಗಳು ಉಪಕಾರದ ಧಾಟಿಯಲ್ಲಿ ಕೊಡುವ ಸಲಹೆಯೊಂದಿದೆ: "ನಿನ್ನೆ ಸಂಜೆ ಕಂಬಕ್ಕೆ ತಾಗಿತು ಎಂದು ಬರೆಯಿರಿ ಸರ್, ಸುಲಭವಾಗಿ ಆಗುತ್ತದೆ." ಬರೆಯಬೇಡಿ. ತಡ ಮಾಡಿದ್ದಕ್ಕೆ ಕಾರಣ ಹೇಳಬಹುದು, ಸುಳ್ಳು ದಿನಾಂಕಕ್ಕೆ ಹೇಳಲಾಗದು. ಜೊತೆಗೆ ಗುದ್ದಿದವರ ಮೇಲೆ ಮುಂದೆ ಹೋಗುವ ದಾರಿಯನ್ನೂ ನಿಮ್ಮ ಕೈಬರಹವೇ ಮುಚ್ಚಿಬಿಡುತ್ತದೆ.

ಇನ್ನು ಬೆಲೆ. ಹಲವರು ಸರಿಯಾಗಿ ಲೆಕ್ಕ ಹಾಕದೆ ಕಳೆದುಕೊಳ್ಳುವುದು ಇಲ್ಲೇ. ಮೂರು ಕಡಿತಗಳಿವೆ. ಪ್ರತಿ ಕ್ಲೇಮಿನಲ್ಲೂ ನೀವೇ ಭರಿಸಬೇಕಾದ ಕಡ್ಡಾಯ ಕಡಿತ 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್‌ಗೆ 2,000. ಸವಕಳಿ ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಶೇ. 50, ಗಾಜಿಗೆ ಇಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನಂತೆ ಏರುತ್ತದೆ, ಮೂರರಿಂದ ನಾಲ್ಕು ವರ್ಷದ ಕಾರಿಗೆ ಶೇ. 25. ಪೇಂಟಿಂಗ್ ಬಿಲ್ಲಿನಲ್ಲಿ ನಾಲ್ಕನೇ ಒಂದು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕಡಿಯುತ್ತಾರೆ. ಮೂರನೆಯದೇ ನೋ ಕ್ಲೇಮ್ ಬೋನಸ್. ಅದು ಶೇ. 20, 25, 35, 45, 50 ಎಂದು ವರ್ಷಕ್ಕೊಂದು ಮೆಟ್ಟಿಲು ಏರುತ್ತದೆ, ಒಂದೇ ಕ್ಲೇಮಿಗೆ ಸೊನ್ನೆಗೆ ಬೀಳುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂರೂವರೆ ವರ್ಷದ, 1200 ಸಿಸಿ ಕಾರು, ಜೀರೋ ಡಿಪ್ರಿಸಿಯೇಷನ್ ಇಲ್ಲ. ಬಿಲ್ 18,000: ಬಂಪರ್ ಮುಂತಾದ ಪ್ಲಾಸ್ಟಿಕ್ 7,000, ಉಕ್ಕಿನ ಪಟ್ಟಿ 4,000, ಪೇಂಟಿಂಗ್ 4,000, ಟಿಂಕರಿಂಗ್ ಕೂಲಿ 3,000. ಪ್ಲಾಸ್ಟಿಕ್‌ನಲ್ಲಿ 3,500, ಉಕ್ಕಿನಲ್ಲಿ 1,000, ಬಣ್ಣದಲ್ಲಿ 500, ಮೇಲೆ ಕಡ್ಡಾಯ ಕಡಿತ 1,000. ಕೈಗೆ ಬರುವುದು 12,000. ಈಗ ಬೋನಸ್. ಮುಂದಿನ ನವೀಕರಣದಲ್ಲಿ ಶೇ. 50 ಸಿಗಬೇಕಿದ್ದವರು ಕ್ಲೇಮ್ ಮಾಡಿದರೆ ಸೊನ್ನೆಯಿಂದ ಶುರು. ಮುಂದಿನ ಐದು ನವೀಕರಣಗಳಲ್ಲಿ ಕಳೆದುಕೊಳ್ಳುವುದು ಕ್ರಮವಾಗಿ ಶೇ. 50, 30, 25, 15, 5. ಕೂಡಿಸಿದರೆ ಶೇ. 125. ಅಂದರೆ ಬೋನಸ್ ಕಳೆಯುವ ಮುಂಚಿನ ಸ್ವಂತ ಹಾನಿ ಪ್ರೀಮಿಯಂನ ಒಂದೂಕಾಲು ಪಟ್ಟು. ಆ ಪ್ರೀಮಿಯಂ 9,000 ಇದ್ದರೆ ನಷ್ಟ 11,250. ಕಾರಿನ ಮೌಲ್ಯ ವರ್ಷ ವರ್ಷ ಇಳಿಯುವುದರಿಂದ ನಿಜವಾದ ನಷ್ಟ ಇದಕ್ಕಿಂತ ಒಂದಿಷ್ಟು ಕಡಿಮೆ. ಹಾಗಿದ್ದರೂ 18,000ದ ಬಿಲ್ಲಿಗೆ ಕ್ಲೇಮ್ ಮಾಡಿ ಉಳಿಸಿಕೊಂಡದ್ದು ಒಂದೆರಡು ಸಾವಿರ.

ಹಾಗಾಗಿ ಬೋನಸ್ ತುದಿಯಲ್ಲಿರುವವರು ಈ ಒಂದೂಕಾಲು ಪಟ್ಟನ್ನು ನೆನಪಿಟ್ಟುಕೊಂಡರೆ ಸಾಕು. ಕಡಿತಗಳ ನಂತರ ಕೈಗೆ ಬರುವ ಹಣ ಅದಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಮಾತ್ರ ಕ್ಲೇಮ್ ಮಾಡಿ. ಬೋನಸ್ ಇನ್ನೂ 20ರಲ್ಲಿದ್ದರೆ, ಅಥವಾ ಬೋನಸ್ ರಕ್ಷಿಸುವ ಆ್ಯಡ್ ಆನ್ ಇದ್ದರೆ, ಈ ಲೆಕ್ಕ ಪೂರ್ತಿ ಬದಲಾಗುತ್ತದೆ. ತಪ್ಪು ಎದುರಿನವರದ್ದಾದರೂ ಬೋನಸ್ ಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ಹೋಗುತ್ತದೆ. ಈ ವ್ಯವಸ್ಥೆಯಲ್ಲಿ ನನಗೆ ಅತಿ ಅನ್ಯಾಯ ಎನಿಸುವ ಅಂಶ ಅದೇ.

ಇನ್ನೊಂದು ಎಚ್ಚರಿಕೆ. ರೇಡಿಯೇಟರ್ ಸೋರುತ್ತಿದೆ ಎಂದು ಗೊತ್ತಾದ ಮೇಲೂ ಓಡಿಸಿ ಎಂಜಿನ್ ಸೀಜ್ ಆದರೆ ಅದನ್ನು ಪರಿಣಾಮಜನ್ಯ ನಷ್ಟ ಎಂದು ಕಂಪನಿ ಹೊರಗಿಡುತ್ತದೆ. ತಾಪದ ಮುಳ್ಳು ಮೇಲೇರಿದ ಕೂಡಲೇ ನಿಲ್ಲಿಸಿ, ಟೋಯಿಂಗ್ ಕರೆಸಿ.

ಎರಡನೆಯದು: ಗುದ್ದಿದವರ ಜೊತೆ ನೇರ ಮಾತುಕತೆ

ಸಣ್ಣ ಮೊತ್ತಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಎದುರಿನವರು ಸಂಭಾವಿತರಾಗಿದ್ದರೆ. ಅವರಿಗೂ ಠಾಣೆ, ನ್ಯಾಯಾಲಯ ಬೇಡ. ತೊಂದರೆ ಇರುವುದು ಅವಸರದಲ್ಲಿ. ರಸ್ತೆಯಲ್ಲೇ 2,000 ತೆಗೆದುಕೊಂಡು "ಎಲ್ಲ ಮುಗಿಯಿತು" ಎಂದು ಸಂದೇಶ ಕಳಿಸಿದವರಿಗೆ ಒಳಗಿನ ಹಾನಿ ಸಿಕ್ಕಾಗ ಮಾತಿಗೆ ಆಧಾರವೇ ಉಳಿದಿರುವುದಿಲ್ಲ. ಹಣ ಪಡೆಯುವುದಿದ್ದರೆ ಯುಪಿಐ ಮೂಲಕ ಪಡೆದು, "ಹಿಂದಿನ ಬಂಪರ್ ಬಣ್ಣಕ್ಕೆ ಮಾತ್ರ, ಒಳಗಿನ ಹಾನಿ ನೋಡಿದ ಮೇಲೆ ಮತ್ತೆ ಮಾತಾಡೋಣ" ಎಂದು ಬರೆಯಿರಿ. ಇನ್ನೂ ಒಳ್ಳೆಯದೆಂದರೆ ಹಣವನ್ನೇ ಮುಟ್ಟದೆ, ಅವರನ್ನು ಗ್ಯಾರೇಜಿಗೆ ಕರೆದು ಬಿಚ್ಚಿದ ಬಂಪರ್ ತೋರಿಸಿ, ಬಿಲ್ಲನ್ನು ನೇರವಾಗಿ ಗ್ಯಾರೇಜಿಗೆ ಕಟ್ಟಿಸುವುದು. ಕಣ್ಣಾರೆ ಕಂಡ ಹಾನಿಯನ್ನು ಅಲ್ಲಗಳೆಯುವುದು ಕಷ್ಟ.

ಅವರ ಕಡೆಯಿಂದಲೂ ಒಂದು ತೊಡಕಿದೆ, ತಿಳಿದಿರಲಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಕೊಳ್ಳಬಾರದು, ಪರಿಹಾರದ ಮಾತು ಕೊಡಬಾರದು ಎಂಬ ಷರತ್ತು ಪ್ರತಿ ಮೋಟಾರು ಪಾಲಿಸಿಯಲ್ಲೂ ಇದೆ. ಅವರು ತಪ್ಪೊಪ್ಪಿಗೆ ಪತ್ರ ಬರೆದುಕೊಡಲು ಹಿಂಜರಿದರೆ ಅದನ್ನು ಮೋಸ ಎಂದೇ ತಿಳಿಯಬೇಕಿಲ್ಲ. ಪತ್ರದ ಬದಲು ಘಟನೆಯ ವಿವರವನ್ನಷ್ಟೇ ಬರೆದು ಇಬ್ಬರೂ ಸಹಿ ಮಾಡಿ: ದಿನ, ಸಮಯ, ಸ್ಥಳ, ಎರಡೂ ವಾಹನಗಳ ಸಂಖ್ಯೆ, ಯಾವ ಭಾಗಕ್ಕೆ ಯಾವ ಭಾಗ ತಾಗಿತು.

ಮೂರನೆಯದು: ಎದುರಿನವರ ವಿಮಾ ಕಂಪನಿ, ನ್ಯಾಯಮಂಡಳಿಯ ಮೂಲಕ

ಇದು ನಿಮ್ಮ ಬೋನಸ್ಸನ್ನು ಮುಟ್ಟದ, ತಪ್ಪು ಮಾಡಿದವರ ಕಡೆಯಿಂದಲೇ ಹಣ ತರುವ ದಾರಿ. ಕಾಗದದ ಮೇಲೆ ಚೆಂದ. ನಡೆಯಲು ಉದ್ದ.

ಮೊದಲು ಎದುರಿನ ವಾಹನದ ವಿಮೆ ಯಾವ ಕಂಪನಿಯದು, ಅವಧಿ ಚಾಲ್ತಿಯಲ್ಲಿದೆಯೇ ಎಂದು ನೋಂದಣಿ ಸಂಖ್ಯೆ ಹಾಕಿ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿ. ಪರಿಹಾರ ಕೇಳುವವರಿಗೆ ವಾಹನದ ವಿವರ ಕೊಡಬೇಕಾದದ್ದು ಆರ್‌ಟಿಒ ಮತ್ತು ಪೊಲೀಸರ ಕರ್ತವ್ಯ ಎಂದು ಕಾಯ್ದೆಯ 160ನೇ ಕಲಂ ಹೇಳುತ್ತದೆ. ಹಾಗಾಗಿ ಆ್ಯಪ್‌ನಲ್ಲಿ ಸಿಗದಿದ್ದರೆ ಅಲ್ಲಿ ಕೇಳಬಹುದು. ನಂತರ ಮಿತಿ. ಖಾಸಗಿ ಕಾರಿನ ಪಾಲಿಸಿಯಲ್ಲಿ ಮೂರನೆಯವರ ಆಸ್ತಿ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷದವರೆಗೆ, ದ್ವಿಚಕ್ರ ವಾಹನದ್ದಾದರೆ 1 ಲಕ್ಷದವರೆಗೆ ರಕ್ಷಣೆ ಇರುತ್ತದೆ. ಆದರೆ ಪ್ರೀಮಿಯಂನಲ್ಲಿ ನೂರು ರೂಪಾಯಿಯಷ್ಟು ಉಳಿಸಲು ಕೆಲವರು ಈ ಮಿತಿಯನ್ನು 6,000ಕ್ಕೆ ಇಳಿಸಿಕೊಂಡಿರುತ್ತಾರೆ. ಹಾಗಿದ್ದರೆ ಮಿಕ್ಕ ಹಣವನ್ನು ವಾಹನದ ಮಾಲೀಕರಿಂದಲೇ ವಸೂಲು ಮಾಡಬೇಕು, ಅದು ಬೇರೆಯದೇ ಹೋರಾಟ.

ಪೊಲೀಸ್ ದಾಖಲೆ ಇಲ್ಲದೆ ನ್ಯಾಯಮಂಡಳಿಯಲ್ಲಿ ನಿಲ್ಲುವುದು ಕಷ್ಟ. ಯಾರಿಗೂ ಗಾಯವಾಗದ ಪ್ರಕರಣದಲ್ಲಿ "ಮಾತಾಡಿಕೊಳ್ಳಿ" ಎಂದು ಠಾಣೆಯಿಂದ ಕಳಿಸುವುದೇ ಹೆಚ್ಚು. ಆದರೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ತೆಗೆದುಕೊಳ್ಳದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನಡಿ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು. ದೂರು ತಡವಾದದ್ದಕ್ಕೆ ಕಾರಣ ದೂರಿನಲ್ಲೇ ಇರಲಿ. ಎಫ್‌ಐಆರ್, ಸ್ಥಳ ಮಹಜರು, ಮೋಟಾರು ವಾಹನ ನಿರೀಕ್ಷಕರ ವರದಿ, ಈ ಮೂರು ಸಿಕ್ಕರೆ ನಿಮ್ಮ ಕೈ ಬಲವಾಗುತ್ತದೆ. ಆದರೆ ನಿರೀಕ್ಷಕರ ವರದಿಯಲ್ಲಿ ಬರುವುದು ಹೊರಗೆ ಕಂಡ ಹಾನಿ ಮಾತ್ರ. ಒಳಗಿನದನ್ನು ಸ್ಥಾಪಿಸಲು ಗ್ಯಾರೇಜಿನ ಜವಾಬ್ದಾರಿಯುತ ವ್ಯಕ್ತಿ ಅಥವಾ ಪರವಾನಗಿ ಇರುವ ಸರ್ವೇಯರ್ ಬಂದು ಸಾಕ್ಷಿ ಹೇಳಬೇಕಾಗಬಹುದು. ಗ್ಯಾರೇಜ್ ಆರಿಸುವಾಗಲೇ ಇದನ್ನು ಕೇಳಿಕೊಳ್ಳಿ, ಜಿಎಸ್‌ಟಿ ಬಿಲ್ ಇಲ್ಲದ ಕಡೆ ಮಾಡಿಸಲೇಬೇಡಿ.

ಅರ್ಜಿಯನ್ನು ಅಪಘಾತ ನಡೆದ ಊರಿನಲ್ಲಿ, ನೀವು ವಾಸಿಸುವ ಅಥವಾ ವ್ಯವಹಾರ ನಡೆಸುವ ಊರಿನಲ್ಲಿ, ಇಲ್ಲವೇ ಎದುರುದಾರರು ಇರುವ ಕಡೆ ಹಾಕಬಹುದು. ತುಮಕೂರು ಬಳಿ ಹೆದ್ದಾರಿಯಲ್ಲಿ ಗುದ್ದಿಸಿಕೊಂಡ ಹುಬ್ಬಳ್ಳಿಯವರು ಹುಬ್ಬಳ್ಳಿಯಲ್ಲೇ ಹಾಕಬಹುದು, ಇದು ದೊಡ್ಡ ಅನುಕೂಲ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವೇ ಎಂಎಸಿಟಿಯಾಗಿ ಕೆಲಸ ಮಾಡುತ್ತದೆ. ಹಾನಿ 2,000 ಮೀರಿದರೆ ಸಿವಿಲ್ ನ್ಯಾಯಾಲಯಕ್ಕೂ ಹೋಗಬಹುದು ಎಂದು ಕಾಯ್ದೆ ಹೇಳುತ್ತದೆ, ಆದರೆ ನ್ಯಾಯಾಲಯ ಶುಲ್ಕದ ಭಾರ ಹೊತ್ತು ಅಲ್ಲಿಗೆ ಹೋಗಲು ನನಗೆ ಕಾರಣ ಕಾಣುವುದಿಲ್ಲ.

ಗಡಿಯಾರದ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅರ್ಜಿ ಹಾಕಲು ಅಪಘಾತದ ದಿನದಿಂದ ಆರು ತಿಂಗಳು. ಹಾನಿ ಕಂಡ ದಿನದಿಂದಲ್ಲ, ಅಪಘಾತದ ದಿನದಿಂದ. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಂದಿವೆ. ಅವು ಇತ್ಯರ್ಥವಾಗುವವರೆಗೆ ತಡ ಎಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದು ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಬಂದಿದೆ. ಮಧ್ಯಂತರ ಆದೇಶವನ್ನು ನಂಬಿ ಕೂರುವುದು ಜಾಣತನವಲ್ಲ. ಆರು ತಿಂಗಳನ್ನೇ ಗಡುವು ಎಂದುಕೊಳ್ಳಿ.

ಗೆದ್ದರೆ ಅರ್ಜಿ ಹಾಕಿದ ದಿನದಿಂದ ಬಡ್ಡಿಯೂ ಸಿಗುತ್ತದೆ. ಆದರೆ ಎದುರಿನ ಚಾಲಕರ ನಿರ್ಲಕ್ಷ್ಯವನ್ನು ನೀವೇ ಸಾಬೀತು ಮಾಡಬೇಕು. ನಿಮ್ಮದೂ ಭಾಗಶಃ ತಪ್ಪಿದೆ ಎಂದರೆ ಅಷ್ಟು ಕಡಿತ, ಹೊಸ ಬಿಡಿಭಾಗಕ್ಕೆ ಸವಕಳಿಯ ವಾದವೂ ಬರುತ್ತದೆ. ವಕೀಲರ ಶುಲ್ಕವನ್ನು ಮೊದಲೇ ಮಾತಾಡಿ. ಪರಿಹಾರದಲ್ಲಿ ಇಂತಿಷ್ಟು ಪಾಲು ಎಂಬ ಒಪ್ಪಂದ ನಮ್ಮಲ್ಲಿ ವಕೀಲರಿಗೆ ನಿಷಿದ್ಧ. ಠಾಣೆಯ ಹೊರಗೆ ನಿಂತು ಅಂಥ ಮಾತಾಡುವವರಿಂದ ದೂರವಿರಿ.

ಕಂಪನಿಗೆ ಪತ್ರ ಬರೆಯುವುದು ವ್ಯರ್ಥವೇ? ಅಲ್ಲ. ತಿದ್ದುಪಡಿಯಾದ 149ನೇ ಕಲಂ ಪ್ರಕಾರ, ಅಪಘಾತದ ಮಾಹಿತಿ ಬಂದ ಮೇಲೆ ಕಂಪನಿ ಇತ್ಯರ್ಥಕ್ಕೆ ಒಬ್ಬ ಅಧಿಕಾರಿಯನ್ನು ನೇಮಿಸಬೇಕು, ಅವರು ನ್ಯಾಯಮಂಡಳಿಯ ಮುಂದೆ ರಾಜಿಯ ಮೊತ್ತ ಮುಂದಿಡಬಹುದು. ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಹೋಗಲಿ: ಪಾಲಿಸಿದಾರರ ವಾಹನ ಸಂಖ್ಯೆ, ಘಟನೆಯ ವಿವರ, ದೂರಿನ ಪ್ರತಿ, ಎಸ್ಟಿಮೇಟ್, ಕಾರನ್ನು ಇಂಥ ದಿನದವರೆಗೆ ಬಿಚ್ಚದೆ ಇಡುತ್ತೇವೆ, ಬಂದು ಪರಿಶೀಲಿಸಿ ಎಂಬ ಆಹ್ವಾನ. ಅವರು ಬರದಿದ್ದರೂ, ನಾಳೆ "ನಮಗೆ ನೋಡಲು ಅವಕಾಶವನ್ನೇ ಕೊಡಲಿಲ್ಲ" ಎನ್ನಲಾಗದು. ಅಂಥ ಪ್ರಕರಣಗಳು ಲೋಕ ಅದಾಲತ್‌ಗೆ ಹೋದಾಗ ಕೂಡ ಪೂರ್ಣ ಕಡತ ಇಟ್ಟುಕೊಂಡವರೇ ಬೇಗ ರಾಜಿಯಾಗಿ ಬರುತ್ತಾರೆ.

ಎರಡು ತಪ್ಪು ಬಾಗಿಲುಗಳನ್ನೂ ಹೇಳಿಬಿಡುತ್ತೇನೆ. ಜೆ.ಪಿ. ನಗರದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿ ಉಚಿತವಾಗಿ ಒಳ್ಳೆಯ ಕೆಲಸ ಮಾಡುತ್ತದೆ, ಆದರೆ ನಿಮ್ಮ ಸ್ವಂತ ಕಂಪನಿಯ ಮೇಲಿನ ದೂರಿಗೆ ಮಾತ್ರ. ಗ್ರಾಹಕರ ಆಯೋಗದಲ್ಲೂ ಎದುರಿನ ಕಂಪನಿಗೆ ನೀವು ಗ್ರಾಹಕರಲ್ಲ. ಅಲ್ಲಿ ಹಾಕಿದ ಅರ್ಜಿ ತಿರುಗಿ ಬರುವಷ್ಟರಲ್ಲಿ ಆರು ತಿಂಗಳು ಮುಗಿದಿರುತ್ತದೆ.

ಎರಡನ್ನೂ ಸೇರಿಸಬಹುದೇ?

ಒಂದೇ ಹಾನಿಗೆ ಎರಡು ಕಡೆ ಹಣ ಪಡೆಯಲು ಆಗದು. ನಿಮ್ಮ ಕಂಪನಿ ಕೊಟ್ಟ ಮೇಲೆ ಆ ಮೊತ್ತವನ್ನು ಗುದ್ದಿದವರಿಂದ ವಸೂಲು ಮಾಡುವ ಹಕ್ಕು ಅವರದು. ಸವಕಳಿ, ಕಡ್ಡಾಯ ಕಡಿತದಂತೆ ನಿಮ್ಮ ಜೇಬಿನಿಂದ ಹೋದದ್ದನ್ನು ಎದುರಿನವರಿಂದ ಕೇಳುವ ಯೋಚನೆ ಇದ್ದರೆ, ಕಂಪನಿಯ ಕಾಗದದಲ್ಲಿ "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಎಂಬ ಸಾಲಿಗೆ ಸಹಿ ಹಾಕುವ ಮುನ್ನ ವಕೀಲರಿಗೆ ತೋರಿಸಿ. ಸಹಿಯ ನಂತರ ಆ ವ್ಯತ್ಯಾಸವನ್ನು ಕೇಳುವುದು ಬಹಳ ಕಷ್ಟ.

ಯಾರಿಗೆ ಯಾವುದು

ಬಿಲ್ 15 ಸಾವಿರದೊಳಗಿದ್ದು ಬೋನಸ್ ಮೇಲಿದ್ದರೆ ನೇರ ಮಾತುಕತೆ ನಡೆಸಿ. ಅದು ಮುರಿದರೆ ಸ್ವಂತ ಖರ್ಚು. ಬೇಸರವಾಗುತ್ತದೆ, ಆದರೆ ನ್ಯಾಯಮಂಡಳಿಗೆ ಓಡಾಡಲು ಹೋಗುವ ರಜೆಗಳ ಲೆಕ್ಕ ಹಾಕಿ ನೋಡಿ. ಕಾರು ಹಳೆಯದಾದರೆ ಮೂಲ ಬಿಡಿಭಾಗದ ಬದಲು ಗುಣಮಟ್ಟದ ಹಳೆಯ ಭಾಗ ಹಾಕಿಸಿ ಬಿಲ್ಲನ್ನೇ ಇಳಿಸಬಹುದು. ಆದರೆ ಉಕ್ಕಿನ ಪಟ್ಟಿ, ಸ್ಟಿಯರಿಂಗ್, ಸಸ್ಪೆನ್ಷನ್‌ಗಳಲ್ಲಿ ಆ ಉಳಿತಾಯ ಬೇಡ.

20 ಸಾವಿರದಿಂದ ಲಕ್ಷದವರೆಗೆ, ಸಮಗ್ರ ಪಾಲಿಸಿ ಇರುವವರು ತಮ್ಮ ಕಂಪನಿಗೇ ಹೋಗಲಿ, ಒಂದೂಕಾಲು ಪಟ್ಟಿನ ಲೆಕ್ಕ ಹಾಕಿದ ಮೇಲೆ. ಜೀರೋ ಡಿಪ್ರಿಸಿಯೇಷನ್ ಇದ್ದರೆ ಯೋಚನೆಯೇ ಬೇಡ. ಕಾರನ್ನೇ ನಂಬಿ ದುಡಿಯುವ ಟ್ಯಾಕ್ಸಿ ಚಾಲಕರಿಗೂ ಇದೇ ಸರಿ, ಏಕೆಂದರೆ ನಿಂತ ಗಾಡಿಗೆ ಕಂತು ನಿಲ್ಲುವುದಿಲ್ಲ.

ಬರೀ ಥರ್ಡ್ ಪಾರ್ಟಿ ವಿಮೆ ಇರುವವರಿಗೆ ಮೊದಲ ಆಯ್ಕೆ ಇಲ್ಲವೇ ಇಲ್ಲ. ಹಾನಿ ದೊಡ್ಡದಿದ್ದರೆ ನ್ಯಾಯಮಂಡಳಿಯೇ ಗತಿ. ಹಾಗಾಗಿ ಇಂಥವರು ಗುದ್ದಿದ ದಿನವೇ, ಗೀರು ಎಷ್ಟೇ ಚಿಕ್ಕದಿರಲಿ, ಠಾಣೆಯಲ್ಲಿ ಒಂದು ದೂರು ಬರೆಸಿಡಬೇಕು. ಯಾರಿಗಾದರೂ ಗಾಯವೂ ಆಗಿದ್ದರೆ, ಕತ್ತುನೋವಿನಂತೆ ತಡವಾಗಿ ಕಾಣಿಸಿಕೊಂಡದ್ದಾದರೂ, ಎಫ್‌ಐಆರ್ ಮತ್ತು ನ್ಯಾಯಮಂಡಳಿ ಬಿಟ್ಟು ಬೇರೆ ದಾರಿ ಯೋಚಿಸಲೇಬೇಡಿ. ಒಂದೇ ಅರ್ಜಿಯಲ್ಲಿ ಎರಡನ್ನೂ ಕೇಳಬಹುದು.

ಗುದ್ದಿದ್ದು ಸರ್ಕಾರಿ ಸಾರಿಗೆ ನಿಗಮದ ಬಸ್ಸಾದರೆ ವಿಮಾ ಕಂಪನಿಯನ್ನು ಹುಡುಕುತ್ತಾ ಕೂರಬೇಡಿ. ಸ್ವಂತ ನಿಧಿ ಇಟ್ಟುಕೊಂಡು ವಿಮೆಯಿಂದ ವಿನಾಯಿತಿ ಪಡೆಯಲು ನಿಗಮಗಳಿಗೆ ಕಾಯ್ದೆಯ 146ನೇ ಕಲಂ ಅವಕಾಶ ಕೊಟ್ಟಿದೆ. ಅಂಥ ಬಸ್ಸಿನ ಮೇಲಿನ ಅರ್ಜಿಯಲ್ಲಿ ಎದುರುದಾರ ನಿಗಮವೇ. ಬಸ್ಸಿನ ನೋಂದಣಿ ಸಂಖ್ಯೆಯ ಜೊತೆಗೆ ಡಿಪೊ ಹೆಸರು, ಮಾರ್ಗ, ಸಮಯ ಬರೆದುಕೊಂಡಿರಿ, ಆ ಹೊತ್ತಿನಲ್ಲಿ ಬಸ್ ಓಡಿಸುತ್ತಿದ್ದವರು ಯಾರು ಎಂಬುದನ್ನು ಡಿಪೊದ ದಾಖಲೆಯಿಂದಲೇ ತರಿಸಬಹುದು.